ಸಾಲದ ಮಿತಿಯ ಜಗಳದಲ್ಲಿ ನಿಂತುಹೋದ 1,600 ರೂಪಾಯಿ: ಕೇರಳದ ಕ್ಷೇಮ ಪಿಂಚಣಿ ಬಾಕಿಯ ಪ್ರಕರಣ

ಕೇರಳ ಸರ್ಕಾರ ವಯಸ್ಸಾದವರಿಗೆ ಕೊಡುವ ಪಿಂಚಣಿಯಲ್ಲಿ ಎರಡು ಬಗೆ. ಒಂದು, ನಿವೃತ್ತ ಮೇಷ್ಟ್ರು, ಗುಮಾಸ್ತರು, ಪೊಲೀಸರಿಗೆ ಖಜಾನೆಯಿಂದ ತಿಂಗಳ ಆರಂಭದಲ್ಲೇ ಸಂದಾಯವಾಗುವ ಸೇವಾ ಪಿಂಚಣಿ. ಇನ್ನೊಂದು, ಗದ್ದೆಯಲ್ಲಿ ನೇಜಿ ನೆಟ್ಟವರಿಗೆ, ಬೀಡಿ ಕಟ್ಟಿದವರಿಗೆ, ಗಂಡನನ್ನು ಕಳೆದುಕೊಂಡವರಿಗೆ, ಅಂಗವಿಕಲರಿಗೆ ಸಿಗುವ ಕ್ಷೇಮ ಪಿಂಚಣಿ. 2021ರಿಂದ 2025ರ ಅಕ್ಟೋಬರ್‌ವರೆಗೆ ಈ ಎರಡನೆಯದರ ಮೊತ್ತ ತಿಂಗಳಿಗೆ 1,600 ರೂಪಾಯಿ ಇತ್ತು. ಕಲ್ಯಾಣ ನಿಧಿ ಮಂಡಳಿಗಳ ಪಿಂಚಣಿದಾರರನ್ನೂ ಸೇರಿಸಿದರೆ ಪಡೆಯುವವರು ಸುಮಾರು 62 ಲಕ್ಷ ಮಂದಿ. 2023–24ರಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸಾಲದ ಮಿತಿಯ ಬಗ್ಗೆ ಜಗಳ ಬಿಗಿಯಾದಾಗ ಮೊದಲನೆಯ ಪಿಂಚಣಿ ನಡೆಯುತ್ತಲೇ ಇತ್ತು. ಎರಡನೆಯದು ತಿಂಗಳುಗಟ್ಟಲೆ ನಿಂತಿತು.

ಖಜಾನೆಯಲ್ಲಿ ಹಣವಿರಲಿಲ್ಲ ಎಂದಷ್ಟೇ ಹೇಳಿದರೆ ಪ್ರಕರಣ ಅರ್ಥವಾಗುವುದಿಲ್ಲ. ಹಣ ಸಾಲದೆ ಬಂದಾಗ ಯಾರಿಗೆ ಮೊದಲು ಕೊಡಬೇಕು, ಯಾರನ್ನು ಕಾಯಿಸಬಹುದು ಎಂಬ ಸಾಲು ಮೊದಲೇ ನಿಂತಿರುತ್ತದೆ. ಕ್ಷೇಮ ಪಿಂಚಣಿ ಆ ಸಾಲಿನ ಕೊನೆಯಲ್ಲಿದ್ದದ್ದು ಏಕೆ ಎಂಬುದೇ ನನಗೆ ಇಲ್ಲಿ ಮುಖ್ಯ ಪ್ರಶ್ನೆ.

ಕನ್ನಡ ಓದುಗರಿಗೆ ಇದು ಬೇರೆಯವರ ಸುದ್ದಿಯೇನಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಪಂಚಾಯತುಗಳಲ್ಲಿ ಕನ್ನಡ, ತುಳು ಮಾತಾಡುವ ಅಜ್ಜ ಅಜ್ಜಿಯರೂ ಈ 62 ಲಕ್ಷದೊಳಗೆ ಇದ್ದಾರೆ. ತಲಪಾಡಿಯ ಈಚೆ ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಗ 1,200 ರೂಪಾಯಿ, ಆಚೆ 1,600. ಗಡಿಯ ಮನೆಗಳಲ್ಲಿ ಕೇರಳದ ಪಿಂಚಣಿಯೇ ಒಳ್ಳೆಯದೆಂಬ ಮಾತಿತ್ತು, ಅದಕ್ಕೆ ಕಾರಣವೂ ಇತ್ತು.

45 ರೂಪಾಯಿಯಿಂದ 1,600ಕ್ಕೆ

ಕೃಷಿ ಕಾರ್ಮಿಕರ ಪಿಂಚಣಿ ಕೇರಳದಲ್ಲಿ 1980ರಲ್ಲಿ ಇ.ಕೆ. ನಾಯನಾರ್ ಸರ್ಕಾರದ ಕಾಲದಲ್ಲಿ ತಿಂಗಳಿಗೆ 45 ರೂಪಾಯಿಯಿಂದ ಶುರುವಾಯಿತು. ಮುಂದೆ ವಿಧವೆಯರು, ಅಂಗವಿಕಲರು, 50 ದಾಟಿದ ಅವಿವಾಹಿತೆಯರು, ಬಡ ವೃದ್ಧರು ಹೀಗೆ ಒಂದೊಂದೇ ಗುಂಪು ಸೇರುತ್ತ ಬಂತು. 2016ರಲ್ಲಿ 600 ಇದ್ದ ಮೊತ್ತ ಐದು ವರ್ಷದಲ್ಲಿ 1,600 ಆಯಿತು. 2021ರ ಚುನಾವಣೆಯಲ್ಲಿ ಎಡರಂಗ ಅದನ್ನು 2,500ಕ್ಕೆ ಏರಿಸುವ ಭರವಸೆಯನ್ನೂ ಕೊಟ್ಟಿತ್ತು.

ಇದರಲ್ಲಿ ಕೇಂದ್ರದ ಪಾಲು ಬಹಳ ಸಣ್ಣದು. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ 60ರಿಂದ 79 ವಯಸ್ಸಿನವರಿಗೆ ಕೇಂದ್ರ ಕೊಡುವುದು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಮೊತ್ತ ಕದಲಿಲ್ಲ. ಅದೂ ಬಡತನ ರೇಖೆಯ ಪಟ್ಟಿಯಲ್ಲಿರುವವರಿಗೆ ಮಾತ್ರ ಬರುವುದರಿಂದ ಕೇರಳದ ಪಿಂಚಣಿದಾರರಲ್ಲಿ ಹತ್ತಕ್ಕೆ ಒಬ್ಬರಷ್ಟು ಮಂದಿಗೆ ತಲುಪುತ್ತದೆ. ಉಳಿದದ್ದೆಲ್ಲ ರಾಜ್ಯದ ಹೆಗಲ ಮೇಲೆ. ಮೊತ್ತ 1,600 ಇದ್ದಾಗ ತಿಂಗಳಿಗೆ ಬೇಕಾಗುತ್ತಿದ್ದದ್ದು ಸುಮಾರು 900 ಕೋಟಿ ರೂಪಾಯಿ. 60 ದಾಟಿದವರ ಪ್ರಮಾಣ ಭಾರತದಲ್ಲೇ ಅತಿ ಹೆಚ್ಚು ಇರುವ ರಾಜ್ಯ ಕೇರಳ. 2021ರ ಅಂದಾಜಿನಂತೆ ಅದು ಶೇ 16.5. ಹಾಗಾಗಿ ಈ ಭಾರ ಇಳಿಯುವಂಥದ್ದಲ್ಲ.

ಇಲ್ಲಿ ಒಂದು ಹಳೆಯ ರೂಢಿಯನ್ನೂ ಹೇಳಬೇಕು. ಮೊದಲು ಪಿಂಚಣಿ ತಿಂಗಳು ತಿಂಗಳು ಬರುತ್ತಿರಲಿಲ್ಲ. ಓಣಂ, ಕ್ರಿಸ್ಮಸ್, ವಿಷು ಹತ್ತಿರ ಬಂದಾಗ ಕೆಲವು ತಿಂಗಳದ್ದನ್ನು ಒಟ್ಟಿಗೆ ಕೊಡುತ್ತಿದ್ದರು. ಆ ರೂಢಿಯನ್ನು ಮುರಿಯಲೆಂದೇ 2018ರಲ್ಲಿ ಕೇರಳ ಸಾಮಾಜಿಕ ಭದ್ರತಾ ಪಿಂಚಣಿ ಕಂಪನಿ ಹುಟ್ಟಿತು. ಖಜಾನೆಗೆ ಹಣ ಬರುವುದು ತಡವಾದರೂ ಕಂಪನಿ ಸಹಕಾರಿ ಬ್ಯಾಂಕುಗಳ ಒಕ್ಕೂಟದಿಂದಲೋ ಬೇರೆ ಕಡೆಯಿಂದಲೋ ಸಾಲ ತಂದು ಪಿಂಚಣಿ ಹಂಚುವುದು, ಆಮೇಲೆ ಸರ್ಕಾರ ಬಜೆಟ್‌ನಿಂದ ಆ ಸಾಲ ತೀರಿಸುವುದು, ಇದು ಏರ್ಪಾಡು. ಕೆಲವು ವರ್ಷ ಇದು ಚೆನ್ನಾಗಿಯೇ ನಡೆಯಿತು. ಬ್ಯಾಂಕಿಗೆ ಹೋಗಲಾಗದವರಿಗೆ ಊರಿನ ಸಹಕಾರಿ ಸಂಘದವರು ಮನೆಗೇ ಬಂದು ಕೈಗೆ ಹಣ ಕೊಟ್ಟು ಹೋಗುತ್ತಿದ್ದರು. ಮುದುಕರಿಗೆ ಗೌರವ ಉಳಿಸಿದ ಏರ್ಪಾಡು ಅದು. ಮನಸ್ಸಿಟ್ಟು ರೂಪಿಸಿದ ಕೆಲಸ ಎಂದೇ ನಾನು ಹೇಳುತ್ತೇನೆ.

ಜಗಳ ಯಾವುದರ ಬಗ್ಗೆ

ಸಂವಿಧಾನದ 293ನೇ ವಿಧಿಯ ಮೂರನೇ ಉಪವಿಧಿಯ ಪ್ರಕಾರ, ಕೇಂದ್ರದಿಂದ ಪಡೆದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಎತ್ತಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ಒಪ್ಪಿಗೆಗೆ ಷರತ್ತು ಹಾಕಬಹುದೆಂದು ನಾಲ್ಕನೇ ಉಪವಿಧಿ ಹೇಳುತ್ತದೆ. ಈ ಅಧಿಕಾರದಡಿಯಲ್ಲೇ ಪ್ರತಿ ವರ್ಷ ರಾಜ್ಯಗಳಿಗೆ ನಿವ್ವಳ ಸಾಲ ಮಿತಿ ನಿಗದಿಯಾಗುತ್ತದೆ. 2023–24ರಲ್ಲಿ ಅದು ರಾಜ್ಯದ ಒಟ್ಟು ಉತ್ಪನ್ನದ ಶೇ 3.

2022ರ ಮಾರ್ಚ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ತೀರ್ಮಾನ ತಿಳಿಸಿತು. ರಾಜ್ಯದ ಕಂಪನಿಗಳು ಎತ್ತುವ ಸಾಲವನ್ನು ರಾಜ್ಯದ ಬಜೆಟ್‌ನಿಂದ ತೀರಿಸುವುದಾದರೆ ಅದನ್ನು ರಾಜ್ಯದ ಸಾಲವೆಂದೇ ಲೆಕ್ಕ ಹಾಕುತ್ತೇವೆ ಎಂದು. ಮೂಲಸೌಕರ್ಯಕ್ಕೆ ಸಾಲ ತರುವ ಕಿಫ್ಬಿ ಮತ್ತು ಪಿಂಚಣಿ ಕಂಪನಿ ಎರಡೂ ಇದರೊಳಗೆ ಬಂದವು. ಅವೆರಡೂ 2021–22ರಲ್ಲಿ ಎತ್ತಿದ್ದ 14,312 ಕೋಟಿ ರೂಪಾಯಿಯನ್ನು ನಾಲ್ಕು ವರ್ಷಗಳಲ್ಲಿ ಹಂಚಿ ರಾಜ್ಯದ ಮಿತಿಯಿಂದ ಕಳೆಯುವುದೆಂದೂ ಆಯಿತು.

ಕೇಂದ್ರದ ವಾದವನ್ನು ತಳ್ಳಿಹಾಕುವಂತಿಲ್ಲ. ಬಜೆಟ್‌ನ ಹೊರಗೆ ಸಾಲ ಮಾಡಿ ಬಜೆಟ್‌ನಿಂದ ತೀರಿಸಿದರೆ ಅದು ಸರ್ಕಾರದ ಸಾಲವೇ. ಮಹಾಲೇಖಪಾಲರ ವರದಿಗಳೂ ಅದನ್ನೇ ಹೇಳಿದ್ದವು. ರಾಜ್ಯದ ಪ್ರತ್ಯುತ್ತರದಲ್ಲೂ ತೂಕವಿತ್ತು. ಕೇಂದ್ರದ ಅಧೀನದ ಸಂಸ್ಥೆಗಳು ಎತ್ತುವ ಸಾಲಕ್ಕೆ ಇದೇ ಅಳತೆ ಹಿಡಿಯುತ್ತೀರಾ, ಹಿಂದಿನ ಸಾಲಕ್ಕೆ ಹೊಸ ನಿಯಮ ಹೇಗೆ ಅನ್ವಯಿಸುತ್ತೀರಿ ಎಂದು ಅದು ಕೇಳಿತು.

ಜೊತೆಗೆ ಬೇರೆ ಆದಾಯದ ದಾರಿಗಳೂ ಅದೇ ಹೊತ್ತಿಗೆ ಕಿರಿದಾದವು. ಜಿಎಸ್‌ಟಿ ಪರಿಹಾರ 2022ರ ಜೂನ್‌ಗೆ ಮುಗಿಯಿತು. 15ನೇ ಹಣಕಾಸು ಆಯೋಗ ಕೇರಳಕ್ಕೆ ಹೇಳಿದ್ದ ಕಂದಾಯ ಕೊರತೆ ಅನುದಾನ 2021–22ರಲ್ಲಿ 19,891 ಕೋಟಿ ಇದ್ದದ್ದು 2023–24ಕ್ಕೆ 4,749 ಕೋಟಿಗೆ ಇಳಿದು ಮರುವರ್ಷ ಸೊನ್ನೆಯಾಯಿತು. ಕೇಂದ್ರ ತೆರಿಗೆಯಲ್ಲಿ ಕೇರಳದ ಪಾಲು ಶೇ 2.5ರಿಂದ 1.925ಕ್ಕೆ ಬಂದಿತ್ತು. ಕರ್ನಾಟಕದ ಪಾಲೂ ಹೀಗೆಯೇ 4.713ರಿಂದ 3.647ಕ್ಕೆ ಇಳಿದದ್ದು ನಮಗೆ ಗೊತ್ತಿದೆ. 2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಮರುದಿನ ಕೇರಳದ ಮುಖ್ಯಮಂತ್ರಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದಕ್ಕೆ ಹಿನ್ನೆಲೆ ಇದೇ.

ಪಿಂಚಣಿದಾರರ ಮಟ್ಟಿಗೆ ಇದರ ಪರಿಣಾಮ ನೇರವಾಗಿತ್ತು. ಕಂಪನಿ ತರುವ ಪ್ರತಿ ರೂಪಾಯಿ ಸಾಲಕ್ಕೂ ರಾಜ್ಯದ ಸ್ವಂತ ಸಾಲದ ಮಿತಿಯಲ್ಲಿ ಒಂದು ರೂಪಾಯಿ ಕಡಿಮೆಯಾಗತೊಡಗಿದ ಮೇಲೆ ಕಂಪನಿ ಇದ್ದೂ ಪ್ರಯೋಜನವಿಲ್ಲದಂತಾಯಿತು. ಖಜಾನೆಯ ಏರಿಳಿತದಿಂದ ಪಿಂಚಣಿಯನ್ನು ಕಾಪಾಡಲೆಂದು ಕಟ್ಟಿದ ಸಂಸ್ಥೆಯೇ ಜಗಳದ ವಸ್ತುವಾಯಿತು. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಮತ್ತು ಮದ್ಯದ ಮೇಲೆ ಸಾಮಾಜಿಕ ಭದ್ರತಾ ಸೆಸ್ ಹಾಕಿತು. ಪೆಟ್ರೋಲ್, ಡೀಸೆಲ್‌ನಿಂದ 750 ಕೋಟಿ, ಮದ್ಯದಿಂದ 400 ಕೋಟಿ ನಿರೀಕ್ಷೆ. ಎರಡೂ ಸೇರಿದರೆ ಒಂದು ತಿಂಗಳ ಪಿಂಚಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಬಾಕಿ ಬೆಳೆದ ಬಗೆ

2023ರ ಓಣಂಗೆ ಎರಡು ತಿಂಗಳ ಕಂತು ಒಟ್ಟಿಗೆ, 3,200 ರೂಪಾಯಿ ಬಂತು. ಆಮೇಲೆ ದಾರಿ ಕಾಯುವುದೇ ಆಯಿತು. ಜುಲೈನದ್ದು ನವೆಂಬರ್‌ನಲ್ಲಿ, ಆಗಸ್ಟ್‌ನದ್ದು ಕ್ರಿಸ್ಮಸ್ ಹೊತ್ತಿಗೆ. 2024ರ ಜನವರಿ ಮುಗಿಯುವಾಗ ಐದು ತಿಂಗಳ ಬಾಕಿ, ಎಂದರೆ ಒಬ್ಬೊಬ್ಬರಿಗೂ 8,000 ರೂಪಾಯಿ. ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ವಿಷು ಮತ್ತು ರಂಜಾನ್‌ಗೆ ಎರಡು. ಹಬ್ಬಕ್ಕೆ ಹಂಚುವ ಹಳೆಯ ಪದ್ಧತಿಗೆ ರಾಜ್ಯ ಮರಳಿಬಿಟ್ಟಿತ್ತು.

8,000 ರೂಪಾಯಿ ಬಾಕಿ ಎಂದರೆ ಮನೆಯೊಳಗೆ ಏನು? ಅಕ್ಕಿಯ ಮಟ್ಟಿಗೆ ಕೇರಳದ ಬಡವರಿಗೆ ಅಷ್ಟು ಕಷ್ಟವಿರಲಿಲ್ಲ, ಆದ್ಯತಾ ಕಾರ್ಡಿಗೆ ರೇಷನ್ ಅಂಗಡಿಯಲ್ಲಿ ಉಚಿತವಾಗಿ ಸಿಗುತ್ತದೆ. 1,600 ರೂಪಾಯಿ ಹೋಗುವುದು ಅಕ್ಕಿಯ ಆಚೆಗಿನದ್ದಕ್ಕೆ: ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಗ್ಯಾಸ್, ಕರೆಂಟ್ ಬಿಲ್ಲು, ಆಸ್ಪತ್ರೆಗೆ ಆಟೊ ಬಾಡಿಗೆ, ವಾರಕ್ಕೊಮ್ಮೆ ಮೀನು, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ. ತಿಂಗಳಿಗೊಮ್ಮೆ ಬಂದರೆ ಅದು ಖರ್ಚಿಗೆ ಲೆಕ್ಕವಿಡುವ ಹಣ. ಐದು ತಿಂಗಳು ಬಾರದಿದ್ದರೆ ಅಷ್ಟು ಖರ್ಚೂ ಅಂಗಡಿಯಲ್ಲಿ ಬರೆಸಿದ ಬಾಕಿಯಾಗುತ್ತದೆ, ಇಲ್ಲವೇ ಖರ್ಚೇ ನಿಲ್ಲುತ್ತದೆ. ಮೊದಲು ನಿಲ್ಲುವುದು ಮಾತ್ರೆ. ದಿನಕ್ಕೆ ಎರಡು ಇದ್ದದ್ದು ಒಂದಾಗುತ್ತದೆ, ನೋವಿಲ್ಲದ ಕಾಯಿಲೆಯ ಔಷಧ ನಾಳೆಗೆ ಮುಂದೆ ಹೋಗುತ್ತದೆ. ಆ ಹಾನಿ ಯಾವ ಸರ್ಕಾರದ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಬಾಕಿ ಒಟ್ಟಿಗೆ ಬಂದಾಗಲೂ ಅದು ಅಂಗಡಿ ಸಾಲಕ್ಕೆ ಹೋಗುತ್ತದೆಯೇ ಹೊರತು ತಿನ್ನದೆ ಬಿಟ್ಟ ಮಾತ್ರೆಯನ್ನು ಮರಳಿ ಕೊಡುವುದಿಲ್ಲ.

ಇದಲ್ಲದೆ ಇನ್ನೊಂದು ಬದಲಾವಣೆ ಮನೆಯೊಳಗೇ ಆಗುತ್ತದೆ. ಸ್ವಂತ ಪಿಂಚಣಿ ಇರುವ ಅಜ್ಜಿಗೆ ಮಗ ಸೊಸೆಯ ಮುಂದೆ ಒಂದು ಮಾತಿನ ಬಲವಿರುತ್ತದೆ. ಅದು ನಿಂತಾಗ ಎಲೆ ಅಡಿಕೆಗೂ ಕೈಯೊಡ್ಡಬೇಕು. ಬದುಕಿಡೀ ದುಡಿದು ತಿಂದವರಿಗೆ ಹಸಿವಿಗಿಂತ ಇದು ದೊಡ್ಡ ನೋವು ಎಂಬುದು ವೃದ್ಧರ ನಡುವೆ ಸ್ವಲ್ಪ ಹೊತ್ತು ಕುಳಿತವರಿಗೆಲ್ಲ ಗೊತ್ತು.

ಅದೇ ಕಾಲಕ್ಕೆ ರಾಜ್ಯದ ಸಪ್ಲೈಕೊ ಅಂಗಡಿಗಳಲ್ಲೂ ಕಪಾಟುಗಳು ಖಾಲಿಯಾಗಿದ್ದವು. ಬೇಳೆ, ಸಕ್ಕರೆ, ಮೆಣಸು, ತೆಂಗಿನೆಣ್ಣೆ ಸೇರಿ 13 ಸಾಮಾನುಗಳನ್ನು 2016ರಿಂದ ಒಂದೇ ಬೆಲೆಗೆ ಕೊಡುತ್ತ ಬಂದಿದ್ದರು. 2023ರಲ್ಲಿ ಅವು ಸಿಗುವುದೇ ಅಪರೂಪವಾಯಿತು, 2024ರ ಫೆಬ್ರವರಿಯಲ್ಲಿ ಸಬ್ಸಿಡಿ ಇಳಿಸಿ ಬೆಲೆ ಏರಿಸಿದರು. ಪಿಂಚಣಿಯ ಕೊರತೆಯೂ ಸಾಮಾನಿನ ಕೊರತೆಯೂ ಬಿದ್ದದ್ದು ಒಂದೇ ಮನೆಯ ಮೇಲೆ.

2023ರ ನವೆಂಬರ್‌ನಲ್ಲಿ ಇಡುಕ್ಕಿ ಜಿಲ್ಲೆಯ ಅಡಿಮಾಲಿ ಪೇಟೆಯಲ್ಲಿ ಇಬ್ಬರು ವೃದ್ಧೆಯರು ಕೈಯಲ್ಲಿ ಪಾತ್ರೆ, ಕೊರಳಲ್ಲಿ ಫಲಕ ಹಾಕಿಕೊಂಡು ಭಿಕ್ಷೆಗೆ ಇಳಿದರು. ಅವರಲ್ಲಿ ಒಬ್ಬರಿಗೆ ಜಮೀನಿದೆ, ಮನೆಯಿದೆ ಎಂದು ಆಳುವ ಪಕ್ಷದ ಪತ್ರಿಕೆ ಬರೆಯಿತು. ಆಕೆ ಗ್ರಾಮಾಧಿಕಾರಿಯ ಕಚೇರಿಗೆ ಹೋಗಿ ತನಗೆ ಜಮೀನಿಲ್ಲವೆಂಬ ದೃಢಪತ್ರ ತಂದರು. ಪತ್ರಿಕೆ ವಿಷಾದ ವ್ಯಕ್ತಪಡಿಸಬೇಕಾಯಿತು. ಆಕೆ ಕೇರಳ ಹೈಕೋರ್ಟಿಗೂ ಹೋದರು. ಮರುವರ್ಷ ಜನವರಿಯಲ್ಲಿ ಉತ್ತರ ಕೇರಳದಲ್ಲಿ ಪಿಂಚಣಿ ಬಾಕಿಯ ಬಗ್ಗೆ ದೂರಿದ್ದ ವೃದ್ಧರೊಬ್ಬರ ಸಾವು ಸುದ್ದಿಯಾದಾಗ ಹೈಕೋರ್ಟ್ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಸಾವಿಗೆ ಬಾಕಿಯೇ ಕಾರಣ ಎಂಬುದನ್ನು ಸರ್ಕಾರ ಒಪ್ಪಲಿಲ್ಲ.

ನ್ಯಾಯಾಲಯಗಳಲ್ಲಿ

ರಾಜ್ಯ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಸಂವಿಧಾನದ 131ನೇ ವಿಧಿಯಡಿ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಮೂಲ ದಾವೆ ಹೂಡಿತು. ತುರ್ತಾಗಿ 26,226 ಕೋಟಿ ಸಾಲಕ್ಕೆ ಅವಕಾಶ ಬೇಕೆಂದು ಕೇಳಿತು. ದಾವೆ ಹಿಂತೆಗೆದರೆ 13,608 ಕೋಟಿಗೆ ಒಪ್ಪುತ್ತೇವೆ ಎಂದು ಕೇಂದ್ರ ಹೇಳಿತು. ನ್ಯಾಯಾಲಯಕ್ಕೆ ಆ ಷರತ್ತು ಸರಿ ಕಾಣಲಿಲ್ಲ, ಷರತ್ತು ಬಿಟ್ಟು ಆ ಮೊತ್ತಕ್ಕೆ ಒಪ್ಪಿಗೆ ಸಿಕ್ಕಿತು. ಇದು ನಡೆದದ್ದು 2024ರ ಮಾರ್ಚ್‌ನಲ್ಲಿ. ಅದೇ ತಿಂಗಳ ಆರಂಭದಲ್ಲಿ ರಾಜ್ಯ ನೌಕರರ ಸಂಬಳವೂ ಕೆಲ ದಿನ ತಡವಾಗಿ, ಖಜಾನೆ ಖಾತೆಯಿಂದ ದಿನಕ್ಕೆ 50,000ಕ್ಕಿಂತ ಹೆಚ್ಚು ತೆಗೆಯದಂತೆ ಮಿತಿ ಹಾಕಲಾಗಿತ್ತು. ನೌಕರರ ಸಂಬಳ ಕೆಲವು ದಿನ ತಡವಾದದ್ದು ರಾಜ್ಯವನ್ನೇ ಅಲುಗಾಡಿಸಿದ ಸುದ್ದಿಯಾಯಿತು. ವೃದ್ಧರ ಬಾಕಿ ಆಗ ಆರು ತಿಂಗಳು ದಾಟಿತ್ತು.

ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಸೂರ್ಯ ಕಾಂತ್ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ 293ನೇ ವಿಧಿಯ ಅರ್ಥ ಹಿಂದೆಂದೂ ತೀರ್ಮಾನವಾಗಿಲ್ಲ ಎಂದು ದಾವೆಯನ್ನು ಐವರ ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಮಧ್ಯಂತರ ಪರಿಹಾರ ಕೊಡಲಿಲ್ಲ. ರಾಜ್ಯದ ಕಷ್ಟಕ್ಕೆ ಅದರದೇ ಹಣಕಾಸು ನಿರ್ವಹಣೆಯೂ ಕಾರಣವೆನ್ನುವ ನೋಟ ಆ ಆದೇಶದಲ್ಲಿತ್ತು.

ಆ ದಾವೆಯಷ್ಟು ಗಮನ ಸೆಳೆಯದ ಇನ್ನೊಂದು ವಾದ ಅದೇ ತಿಂಗಳು ಕೊಚ್ಚಿಯ ಹೈಕೋರ್ಟಿನಲ್ಲಿ ನಡೆಯಿತು. ಈ ಪ್ರಕರಣದ ಕೀಲಿ ಇರುವುದು ಅಲ್ಲಿ ಎಂದು ನಾನು ನಂಬಿದ್ದೇನೆ. ಪಿಂಚಣಿ ಸಕಾಲಕ್ಕೆ ಕೊಡಿಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ರಾಜ್ಯ ಸರ್ಕಾರ ಪ್ರಮಾಣಪತ್ರ ಸಲ್ಲಿಸಿ, ಕ್ಷೇಮ ಪಿಂಚಣಿ ಹಕ್ಕಲ್ಲ, ಸರ್ಕಾರ ಕೊಡುವ ನೆರವು, ಅದನ್ನು ಯಾವಾಗ ಹಂಚಬೇಕೆಂದು ತೀರ್ಮಾನಿಸುವುದು ಸರ್ಕಾರ ಎಂದು ಹೇಳಿತು. ಈ ಪಿಂಚಣಿಯನ್ನು ತನ್ನ ದೊಡ್ಡ ಸಾಧನೆಯೆಂದು ಮನೆಮನೆಗೆ ಹೇಳಿದ್ದ ಸರ್ಕಾರವೇ ನ್ಯಾಯಾಲಯದಲ್ಲಿ ಹೀಗೆ ಹೇಳಬೇಕಾಗಿ ಬಂತು.

ಸೇವಾ ಪಿಂಚಣಿಯ ಬಗ್ಗೆ ಯಾವ ಸರ್ಕಾರವೂ ಹೀಗೆ ಹೇಳುವಂತಿಲ್ಲ. 1971ರ ದೇವಕೀನಂದನ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಸರ್ಕಾರದ ದಯೆಯಲ್ಲ, ನೌಕರನ ಆಸ್ತಿ ಎಂದಿತ್ತು. 1982ರ ಡಿಸೆಂಬರ್ 17ರ ನಾಕರಾ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಇವತ್ತಿಗೂ ಡಿಸೆಂಬರ್ 17 ನಿವೃತ್ತರ ದಿನ. ಆ ಎರಡು ತೀರ್ಪುಗಳಿಂದಾಗಿ ನಿವೃತ್ತ ನೌಕರರ ಮೂಲ ಪಿಂಚಣಿ ಸಾಲಿನ ಮುಂದೆ ನಿಂತಿತು. ಅವರಿಗೂ ತುಟ್ಟಿಭತ್ಯೆಯ ಕಂತು, ಪರಿಷ್ಕರಣೆಯ ಬಾಕಿ ತಡವಾದವು, ಅದು ಸಣ್ಣ ಮಾತಲ್ಲ. ಆದರೆ ತಿಂಗಳ ಪಿಂಚಣಿಯೇ ನಿಂತುಹೋಗಲಿಲ್ಲ. ಗದ್ದೆಯಲ್ಲಿ ನಲವತ್ತು ವರ್ಷ ಬಗ್ಗಿ ದುಡಿದವಳ ಪರ ಅಂಥ ತೀರ್ಪಿಲ್ಲ, ಅಂಥ ಕಾಯ್ದೆಯೂ ಇಲ್ಲ. ಬಾಂಡ್‌ನ ಬಡ್ಡಿ, ಸಂಬಳ, ಸೇವಾ ಪಿಂಚಣಿ ಇವೆಲ್ಲ ತಪ್ಪಿದರೆ ಸರ್ಕಾರ ಉತ್ತರ ಕೊಡಬೇಕು. ಕ್ಷೇಮ ಪಿಂಚಣಿ ತಪ್ಪಿದರೆ ಕಾನೂನಿನಲ್ಲಿ ಯಾರೂ ಕೇಳುವವರಿಲ್ಲ. ಹಾಗಾಗಿಯೇ ಜಗಳ ಬಂದಾಗ ಅದು ಮೊದಲು ನಿಂತಿತು.

ಬಾಕಿ ತೀರಿದ ಬಗೆ

2024ರ ಏಪ್ರಿಲ್ 26ರಂದು ಕೇರಳದಲ್ಲಿ ಲೋಕಸಭೆಗೆ ಮತದಾನ ನಡೆಯಿತು. 20 ಸ್ಥಾನಗಳಲ್ಲಿ ಎಡರಂಗಕ್ಕೆ ಸಿಕ್ಕಿದ್ದು ಒಂದೇ. ಪಿಂಚಣಿ ಬಾಕಿಯೂ ಸೋಲಿಗೆ ಒಂದು ಕಾರಣ ಎಂದು ಸಿಪಿಎಂನ ಅವಲೋಕನದಲ್ಲೇ ಬಂತು. ಜುಲೈನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ವಿಧಾನಸಭೆಯಲ್ಲಿ ಲೆಕ್ಕ ಮುಂದಿಟ್ಟರು: ಐದು ಕಂತು ಬಾಕಿ, ಒಟ್ಟು 4,250 ಕೋಟಿ. ಎರಡು ಕಂತು 2024–25ರಲ್ಲಿ, ಮೂರು 2025–26ರಲ್ಲಿ. ಆಯಾ ತಿಂಗಳದ್ದು ಆಯಾ ತಿಂಗಳೇ ಕೊಡುವುದು. ಈ ಮಾತನ್ನು ಸರ್ಕಾರ ಉಳಿಸಿಕೊಂಡಿತು. 2025ರ ನವೆಂಬರ್‌ನಿಂದ ಪಿಂಚಣಿ 2,000ಕ್ಕೆ ಏರಿತು, ಅದೇ ತಿಂಗಳು ಕೊನೆಯ ಬಾಕಿ ಕಂತೂ ಸೇರಿ 3,600 ರೂಪಾಯಿ ಕೈಗೆ ಬಂತು. ಕಾದವರೆಲ್ಲ ಆ ನವೆಂಬರ್‌ವರೆಗೆ ಬದುಕಿರಲಿಲ್ಲ.

ತಡವಾದದ್ದಕ್ಕೆ ಬಡ್ಡಿ ಕೊಡುವ ಮಾತು ಬರಲಿಲ್ಲ. ಇದಕ್ಕೆ ಹೋಲಿಸಲು ಇನ್ನೊಂದು ಸಂಗತಿ ಇದೆ. 2024ರ ನವೆಂಬರ್‌ನಲ್ಲಿ 1,458 ಸರ್ಕಾರಿ ನೌಕರರು ಅಕ್ರಮವಾಗಿ ಕ್ಷೇಮ ಪಿಂಚಣಿ ಪಡೆಯುತ್ತಿರುವುದನ್ನು ರಾಜ್ಯದ ಹಣಕಾಸು ಇಲಾಖೆ ಪತ್ತೆಹಚ್ಚಿತು. ತಪ್ಪು ಮಾಡಿದವರಿಂದ ಶೇ 18 ಬಡ್ಡಿ ಸಹಿತ ವಸೂಲಿಗೆ ಆದೇಶವಾಯಿತು. ಅದು ನ್ಯಾಯವೇ. ಪಿಂಚಣಿ ಹಣ ತಡವಾಗಿ ಮರಳಿದರೆ ನಷ್ಟವಾಗುತ್ತದೆಂದು ಸರ್ಕಾರ ಒಪ್ಪುವುದಾದರೆ, ತಡವಾಗಿ ಕೊಟ್ಟಾಗಲೂ ನಷ್ಟವಾಗುತ್ತದೆಂದು ಒಪ್ಪಬೇಕು.

ಹಾಗೆ ಒಪ್ಪಿದ ಕಾಯ್ದೆಗಳು ನಮ್ಮಲ್ಲೇ ಇವೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಕೂಲಿ 15 ದಿನಕ್ಕಿಂತ ತಡವಾದರೆ ದಿನಕ್ಕೆ ಶೇ 0.05 ಪರಿಹಾರ ಕೊಡಬೇಕೆಂದಿತ್ತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಧಾನ್ಯ ಕೊಡದಿದ್ದರೆ ಬದಲಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ರಾಜಸ್ಥಾನ 2023ರಲ್ಲಿ ಮಾಡಿದ ಕನಿಷ್ಠ ಆದಾಯ ಖಾತ್ರಿ ಕಾಯ್ದೆ ವೃದ್ಧಾಪ್ಯ ಪಿಂಚಣಿಯನ್ನು ಕಾನೂನಿನ ಹಕ್ಕಿನೊಳಗೆ ತಂದು, ವರ್ಷಕ್ಕೆ ಶೇ 15 ಏರಿಕೆಯನ್ನೂ ಬರೆದಿಟ್ಟಿತು. ಕಾಯ್ದೆ ಇದ್ದರೆ ಹಣ ತಾನಾಗಿ ಬಂದುಬಿಡುವುದಿಲ್ಲ, ಉದ್ಯೋಗ ಖಾತ್ರಿಯ ಕೂಲಿ ತಡವಾದದ್ದನ್ನು ನಾವು ಕಂಡಿದ್ದೇವೆ. ಆದರೆ ತಡವಾದಾಗ ಹೋಗಿ ಕೇಳಲು ಒಂದು ಕಲಂ ಇರುತ್ತದೆ.

ಸಾಲದ ಮಿತಿಯ ಪ್ರಶ್ನೆ ಈಗ ಸಂವಿಧಾನ ಪೀಠದ ಪಾಲಿಗಿದೆ. ಆ ತೀರ್ಪು ಯಾರ ಪರ ಬಂದರೂ ಅದು ಹೇಳುವುದು ರಾಜ್ಯ ಎಷ್ಟು ಸಾಲ ಎತ್ತಬಹುದು ಎಂಬುದನ್ನು ಮಾತ್ರ. ಎತ್ತಿದ್ದರಲ್ಲಿ ಯಾರಿಗೆ ಮೊದಲು ಎಂಬುದನ್ನು ತಿರುವನಂತಪುರದ ವಿಧಾನಸಭೆಯೇ ಕಾಯ್ದೆ ಮಾಡಿ ಹೇಳಬೇಕು. ಬೆಂಗಳೂರಿನ ವಿಧಾನಸಭೆಗೂ ಇದು ಅನ್ವಯಿಸುತ್ತದೆ, ಸಂಧ್ಯಾ ಸುರಕ್ಷಾ ನಡೆಯುತ್ತಿರುವುದೂ ಸರ್ಕಾರಿ ಆದೇಶದ ಬಲದಲ್ಲೇ.